ನೀರು ಮುಟ್ಟದ ಕವರು

ನಾನು ಮದುವೆಯಾಗಿ ಬಂದ ಮನೆ ಮಳವಳ್ಳಿಯ ಬಸ್‌ಸ್ಟ್ಯಾಂಡಿಗೆ ಹತ್ತಿರದ ಒಂದು ಬೀದಿಯಲ್ಲಿತ್ತು. ಮುಂದುಗಡೆ ಪ್ರೆಸ್ಸು, ಹಿಂದುಗಡೆ ಮನೆ, ಎರಡರ ಮಧ್ಯೆ ಒಂದು ಕೋಣೆ. ಆ ಕೋಣೆಗೆ ಅಡುಗೆಮನೆಯ ಕಡೆಯಿಂದ ಒಂದು ಬಾಗಿಲು, ಪ್ರೆಸ್ಸಿನ ಕಡೆಯಿಂದ ಇನ್ನೊಂದು. ಕಿಟಕಿಯೂ ಇತ್ತು. ಆದರೆ ಅದಕ್ಕೆ ಅಡ್ಡವಾಗಿ ಕಾಗದದ ರೀಮುಗಳನ್ನು ಪೇರಿಸಿದ್ದರಿಂದ ಕಿಟಕಿ ಇದೆ ಎನ್ನುವುದೇ ನನಗೆ ತಡವಾಗಿ ಗೊತ್ತಾಯಿತು.

ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ನಾನು, ಮೂರೇ ಜನ. ಪ್ರೆಸ್ಸಿಗೆ ಬರುತ್ತಿದ್ದ ಕೆಲಸವೆಲ್ಲ ಹೆಚ್ಚುಕಡಿಮೆ ಲಗ್ನಪತ್ರಿಕೆ. ದೊಡ್ಡ ಕುಟುಂಬದವರು ಕಾರ್ಡು ಅಚ್ಚು ಹಾಕಿಸುವುದರ ಜೊತೆಗೆ ಅದನ್ನು ಕವರಿಗೆ ಹಾಕಿ, ಮೂಲೆಗಳಿಗೆ ಅರಿಶಿನ ಮುಟ್ಟಿಸಿ, ಅಂಟಿಸಿ, ವಿಳಾಸ ಬರೆದು ಕೊಡಿ ಎಂದು ನಮಗೇ ಒಪ್ಪಿಸುತ್ತಿದ್ದರು. ಮೊದಲು ಈ ಕೆಲಸಕ್ಕೆ ಒಬ್ಬ ಹೆಂಗಸು ಬರುತ್ತಿದ್ದರಂತೆ. ಅವರು ಮದ್ದೂರು ಕಡೆಯ ಗಾರ್ಮೆಂಟ್ಸಿಗೆ ಸೇರಿಕೊಂಡರು. "ಇನ್ನೊಬ್ರು ಸಿಕ್ಕೋಗಂಟ ಒಂಚೂರು ನೋಡ್ಕ ಮಗ" ಎಂದು ಮಾವ ನನಗೆ ಹೇಳಿದರು. ಇನ್ನೊಬ್ಬರನ್ನು ಯಾರೂ ಹುಡುಕಲಿಲ್ಲ.

ಮದುವೆಗೆ ಮೊದಲು ನಾನು ಪೂರಿಗಾಲಿಯ ನಮ್ಮ ಮನೆಯಿಂದ ಓಡಾಡಿಕೊಂಡು ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಹೆಣ್ಣು ನೋಡಲು ಬಂದಾಗ ಆ ಮಾತೂ ಬಂದಿತ್ತು, "ನೋಡಾಣ" ಅಂದಿದ್ದರು. ಮದುವೆಯಾದ ಮೇಲೆ ಕೇಳಿದಾಗ ಮಾವ ನಕ್ಕುಬಿಟ್ಟರು. "ಸೊಸೆ ದುಡ್ದು ತರೋ ಗತಿ ನಮ್ಮನೇಗೆ ಬಂದಿಲ್ಲ ಕಣಮ್ಮ. ಜನ ಏನ್ ಅಂದ್ಕತಾರೆ?" ಜನ ಏನೂ ಅಂದುಕೊಳ್ಳಬಾರದೆಂದೇ ಪ್ರೆಸ್ಸಿನ ಕಡೆಯ ಬಾಗಿಲನ್ನು ಯಾವಾಗಲೂ ಮುಚ್ಚಿರುತ್ತಿದ್ದರು. ಒಳಗೆ ಸೊಸೆ ಕೂತು ಕವರು ಅಂಟಿಸುತ್ತಿದ್ದಾಳೆ ಎಂದು ಗಿರಾಕಿಗಳಿಗೆ ತಿಳಿಯುವಂತಿರಲಿಲ್ಲ. ಹಾಗಾಗಿ ನಾನು ಬೆಳಗ್ಗೆಯಿಂದ ಸಂಜೆಯವರೆಗೆ ಕೆಲಸ ಮಾಡುತ್ತಿದ್ದೆ, ಆದರೆ ಕೆಲಸ ಮಾಡುವವಳು ಎನ್ನಿಸಿಕೊಳ್ಳಲಿಲ್ಲ.

ಮಾವ ಕೆಟ್ಟವರಲ್ಲ. ಶುಕ್ರವಾರ ಮರೆಯದೆ ಮಲ್ಲಿಗೆ ತರುತ್ತಿದ್ದರು. ನಾನು ಉಂಡೆನೋ ಇಲ್ಲವೋ ಕೇಳಿಯೇ ತಾವು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನನಗೆ ಕಷ್ಟವಾಗಿದ್ದೇ ಅದು. ಬೈಯುವವರಾಗಿದ್ದರೆ ತಿರುಗಿಸಿ ಒಂದು ಮಾತು ಆಡಬಹುದಿತ್ತು.

ಮದುವೆಯ ಕಾಲವೆಂದರೆ ಬೇಸಿಗೆ. ಆ ಕೋಣೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ಕಾರ್ಡುಗಳು ಹಾರುತ್ತವೆ ಎಂದು. ಬಾಗಿಲು ತೆರೆಯುವಂತಿರಲಿಲ್ಲ, ಜನ ನೋಡುತ್ತಾರೆ ಎಂದು. ಬೆವರು ಕಾರ್ಡಿನ ಮೇಲೆ ಬೀಳದ ಹಾಗೆ ಸೆರಗನ್ನು ಹಣೆಗೆ ಕಟ್ಟಿಕೊಂಡು ಕೂರುತ್ತಿದ್ದೆ. ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ತುಂಡು ಸ್ಪಂಜು. ಕವರಿನ ಮುಚ್ಚಳಕ್ಕೆ ಕಂಪನಿಯವರು ಹಚ್ಚಿರುವ ಒಣಗೋಂದಿಗೆ ನೀರು ಸವರಿ ಒತ್ತಬೇಕು. ನಾಲಿಗೆ ತಾಗಿಸುವುದು ಸುಲಭ, ಆದರೆ ದೇವರ ಮುಂದೆ ಇಟ್ಟು ಹಂಚುವ ಪತ್ರಿಕೆ ಎಂಜಲಾಗಬಾರದು. ನೀರು ಜಾಸ್ತಿಯಾದರೆ ಅರಿಶಿನ ಹರಡುತ್ತದೆ, ಕಡಿಮೆಯಾದರೆ ಕವರು ಬಾಯಿ ಬಿಡುತ್ತದೆ. ಮಳೆಗಾಲದಲ್ಲಂತೂ ಕಟ್ಟಿಟ್ಟ ಖಾಲಿ ಕವರುಗಳು ಥಂಡಿಗೆ ತಮಗೆ ತಾವೇ ಅಂಟಿಕೊಂಡುಬಿಡುತ್ತಿದ್ದವು. ಪಟ್ಟಿ ಕಿತ್ತು ಒತ್ತುವ ಹೊಸ ಕವರುಗಳನ್ನು ಗಂಡ ಒಮ್ಮೆ ತಂದಿದ್ದರು. ಆ ಅಂಟು ಕೋಣೆಯ ಸೆಕೆಗೆ ಕರಗಿ ಕಾರ್ಡಿಗೇ ಮೆತ್ತಿಕೊಂಡಿತು.

ಒಂದು ದಿನ ಹಲಗೂರಿನ ಕಡೆಯ ಗಿರಾಕಿಯೊಬ್ಬರು ಕಟ್ಟನ್ನೇ ವಾಪಸ್ಸು ತಂದು ಮಾವನ ಮೇಜಿನ ಮೇಲೆ ಹಾಕಿದರು. ನಾನು ಬಾಗಿಲ ಹಿಂದೆ ಕೂತು ಕೇಳುತ್ತಿದ್ದೆ.

"ಇದೇನ್ ಯಜಮಾನ್ರೇ, ಅರಿಸ್ನ ಇಳ್ದು ನಮ್ ಬೀಗ್ರ ಎಸ್ರೇ ಕಾಣಂಗಿಲ್ಲ. ಅರ್ಧ ಕವರು ಅಂಟೇ ಇಲ್ಲ. ಇನ್ನರ್ಧ ತೆಗ್ಯಕ್ಕೋದ್ರೆ ಕಾರ್ಡೇ ಅರ್ದೋಯ್ತದೆ. ಯಾರ್ ಮಾಡಿದ್ದು ಇದ್ನ?"

"ಕೆಲ್ಸದೋರು. ಯೋಳ್ತೀನಿ ಅವ್ರಿಗೆ" ಎಂದರು ಮಾವ.

ಸಂಜೆ ನನ್ನನ್ನು ಬೈಯಲಿಲ್ಲ. "ನೀರು ಕಮ್ಮಿ ಮಾಡ್ಕ ಮಗ" ಎಂದರು.

"ನೀರೇ ಇಲ್ದೆ ಮುಚ್ಚೋ ಅಂಗಿದ್ರೆ ಮಾವ?"

"ನೀರಿಲ್ದೆ ಎಂಗಮ್ಮ ಅಂಟುತ್ತೆ?"

ಅವರು ಕೇಳಿದ್ದು ಅಂಟುವುದನ್ನು. ನಾನು ಯೋಚನೆ ಮಾಡುತ್ತಿದ್ದದ್ದು ಮುಚ್ಚುವುದನ್ನು. ಅಂಟಿಸುವ ಕೆಲಸ ಹೋದರೆ ನನ್ನ ಮಧ್ಯಾಹ್ನಗಳು ನನ್ನವಾಗುತ್ತವೆ, ಆಮೇಲೆ ಶಾಲೆಯ ಮಾತು ಎತ್ತಬಹುದು ಎಂಬ ಆಸೆ ಹುಟ್ಟಿದ್ದು ಆಗಲೇ.

ಅದೇ ವಾರ ಗಂಡನ ಶರಟು ನೆನೆಸುವ ಮುಂಚೆ ಜೇಬು ತಡಕಿದಾಗ ದೇವಸ್ಥಾನದ ಕುಂಕುಮದ ಪೊಟ್ಟಣ ಸಿಕ್ಕಿತು. ಎಷ್ಟು ದಿನದಿಂದ ಜೇಬಿನಲ್ಲಿತ್ತೋ, ಮುದುಡಿ ಹೋಗಿತ್ತು, ಆದರೂ ಒಂದು ಕಣ ಕುಂಕುಮವೂ ಹೊರಗೆ ಚೆಲ್ಲಿರಲಿಲ್ಲ. ಬಟ್ಟೆ ಒಗೆಯುವುದನ್ನು ಬಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತು ಅದನ್ನು ಮೆಲ್ಲಗೆ ಬಿಚ್ಚಿದೆ, ಮತ್ತೆ ಮಡಚಿದೆ. ಕಾಗದದ ತುದಿ ಅದರದೇ ಮಡಿಕೆಯೊಳಗೆ ಹೊಕ್ಕು ಕೂತಿತ್ತು. ಅಂಟು ಇಲ್ಲ, ದಾರ ಇಲ್ಲ.

ಅವತ್ತಿನಿಂದ ಅಚ್ಚು ಕೆಟ್ಟ ಹಾಳೆಗಳ ಮೇಲೆ ನನ್ನ ಪ್ರಯೋಗ ಶುರುವಾಯಿತು. ಬರೀ ತುದಿ ತೂರಿಸಿದರೆ ಕವರು ಅಲುಗಿದ ಕೂಡಲೇ ಬಿಚ್ಚಿಕೊಳ್ಳುತ್ತಿತ್ತು. ಮುಚ್ಚಳವನ್ನು ನಾಲಿಗೆಯ ಹಾಗೆ ಉದ್ದ ಮಾಡಿ, ಕವರಿನ ಬೆನ್ನಿನಲ್ಲಿ ಒಂದು ಸೀಳು ಕೊಯ್ದು ಅದರೊಳಗೆ ತೂರಿಸಿದೆ. ಜಾರಿ ಬಂತು. ನಾಲಿಗೆಯ ಎರಡೂ ಬದಿಗೆ ಕಿವಿಯಂಥ ತುಂಡು ಬಿಟ್ಟೆ. ಕಿವಿ ಮಡಚಿ ಸೀಳಿನೊಳಗೆ ತಳ್ಳಿದರೆ ಒಳಗೆ ಹೋಗಿ ಅರಳಿಕೊಳ್ಳುತ್ತದೆ, ಹಿಂದಕ್ಕೆ ಬರುವುದಿಲ್ಲ. ಈಗ ಸೀಳೇ ತುದಿಯಿಂದ ಹರಿಯತೊಡಗಿತು. ಫೈಲಿಗೆ ತೂತು ಮಾಡುವ ಪಂಚಿನಿಂದ ಸೀಳಿನ ಎರಡೂ ಕೊನೆಗೆ ದುಂಡಗೆ ಒಂದೊಂದು ತೂತು ಹೊಡೆದೆ. ಹರಿಯುವುದು ನಿಂತಿತು. ಬದಿಯ ಮಡಿಕೆಗಳನ್ನೂ ಹೀಗೇ ಒಂದರೊಳಗೊಂದು ಕೂರಿಸಿದ ಮೇಲೆ ಕವರಿಗೆ ಎಲ್ಲಿಯೂ ಗೋಂದು ಬೇಕಾಗಲಿಲ್ಲ. ಮಡಿಕೆಯ ಗೆರೆ ಒತ್ತಲು ಚಮಚದ ಬೆನ್ನು ಸಾಕಾಯಿತು. ಒಮ್ಮೆ ಮುಚ್ಚಿದರೆ ನಾಲಿಗೆ ಹರಿಯದೆ ತೆರೆಯುವಂತಿರಲಿಲ್ಲ.

ಆದರೆ ಅಂಚೆಯಲ್ಲಿ ಹೋದರೆ ತಡೆಯುತ್ತದೆಯೇ? ಮುದ್ರೆಯ ಏಟು, ಚೀಲದ ಒತ್ತು, ಬಸ್ಸಿನ ಕುಲುಕಾಟ ಎಲ್ಲ ಇದೆಯಲ್ಲ. ನಾಲ್ಕೈದು ಕವರಿಗೆ ಬಿಳಿ ಹಾಳೆ ಮಡಚಿ ಹಾಕಿ, ಪೂರಿಗಾಲಿಯ ಅವ್ವನ ವಿಳಾಸ ಬರೆದು, ದಿನಕ್ಕೊಂದರಂತೆ ಗಂಡನ ಕೈಯಲ್ಲಿ ಕೊಟ್ಟೆ. ಸ್ಟಾಂಪಿಗೆ ಮಾತ್ರ ಅವರು ಅಂಚೆ ಕಚೇರಿಯ ಗೋಂದನ್ನೇ ಹಚ್ಚಬೇಕಾಯಿತು. ಕವರು ಹೇಗೆ ಬಂದು ಸೇರಿತು ಎಂದು ಭಾನುವಾರ ಫೋನಿನಲ್ಲಿ ಕೇಳಿದರಾಯಿತು ಎಂದುಕೊಂಡಿದ್ದೆ.

ಭಾನುವಾರದವರೆಗೆ ಅವ್ವ ಕಾಯಲಿಲ್ಲ. ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು ಕೇಳಿ ತಲೆಯೆತ್ತಿದರೆ ಅವ್ವ ನಿಂತಿದ್ದಳು. ಬಿಸಿಲಿನಲ್ಲಿ ಬಂದು ಮುಖ ಕೆಂಪಾಗಿತ್ತು. ಚೀಲದಿಂದ ನನ್ನ ಕವರುಗಳನ್ನು ತೆಗೆದು ನೆಲದ ಮೇಲೆ ಹಾಕಿದಳು.

"ಏನಾಯ್ತು ಯೋಳು."

"ಏನೂ ಇಲ್ಲ ಕಣವ್ವ."

"ಏನೂ ಇಲ್ದೆ ಬರೀ ಆಳೆ ಯಾಕ್ ಕಳ್ಸಿದ್ದೆ? ಫೋನಿರೋವಾಗ ಕಾಗ್ದ ಆಕವ್ಳೆ ಅಂದ್ರೆ ಫೋನಲ್ಲಿ ಆಡೋ ಮಾತಲ್ಲ ಅಂದ್ಕಂಡೆ. ತೆಗುದ್ರೆ ಒಳ್ಗೆ ಏನೂ ಇಲ್ಲ. ಬರ್ಯಕ್ಕೂ ಬುಡ್ತಿಲ್ವೇನೋ ಅಂತ ನನ್ ಎದೆ ಒಡ್ದೋಯ್ತು. ಅದ್ರ ಬಾಯಾದ್ರೂ ತೆಗ್ಯಕ್ಕೆ ಬಂತಾ? ಕುಡ್ಲು ತಕಂಡು ಕುಯ್ದೆ."

ನಾನು ಕವರುಗಳನ್ನು ಎತ್ತಿ ನೋಡಿದೆ. ನಾಲಿಗೆ, ಕಿವಿ, ಸೀಳು ಎಲ್ಲವೂ ನಾನು ಮುಚ್ಚಿದ ಹಾಗೆಯೇ ಇದ್ದವು. ಅವ್ವ ಕುಡುಗೋಲಿನಿಂದ ಬದಿಯನ್ನು ಸೀಳಿದ್ದಳು. ನನಗೆ ಒಂದೇ ಸಲ ನಗುವೂ ಬಂತು, ಅಳುವೂ ಬಂತು. "ಪರೀಕ್ಸೆ ಮಾಡ್ದೆ ಕಣವ್ವ. ಅಂಟಿಲ್ದ ಕವರು. ಗಟ್ಟಿಯಾಗಿರ್ತದಾ ಅಂತ" ಎಂದೆ.

ಅವ್ವ ನನ್ನ ಪಕ್ಕದಲ್ಲಿ ಕೂತು ಕೋಣೆಯನ್ನು ಸುತ್ತಲೂ ನೋಡಿದಳು. ಮುಚ್ಚಿದ ಬಾಗಿಲು, ರೀಮುಗಳ ಹಿಂದಿನ ಕಿಟಕಿ, ನಿಂತ ಫ್ಯಾನು, ನನ್ನ ಹಣೆಗೆ ಕಟ್ಟಿದ್ದ ಸೆರಗು.

"ಪರೀಕ್ಸೆ ಆದ್ರೂ ಒಂದ್ ಸಾಲು ಬರೀಬೋದಿತ್ತಲ್ಲ ಮಗ. ಚೆಂದಾಗಿವ್ನಿ ಅಂತನಾದ್ರೂ. ಯಾಕ್ ಬರೀನಿಲ್ಲ?"

ಪ್ರತಿ ಸಲವೂ ಪೆನ್ನು ತೆಗೆದಿದ್ದೆ. ಚೆನ್ನಾಗಿದ್ದೇನೆ ಎಂದು ಬರೆಯಲು ಕೈ ಬರಲಿಲ್ಲ. ಚೆನ್ನಾಗಿಲ್ಲ ಎಂದು ಬರೆಯಲು ಕಾರಣ ಸಿಗಲಿಲ್ಲ. ಹೊಡೆತವಿಲ್ಲ, ಬಡಿತವಿಲ್ಲ, ಊಟಕ್ಕೆ ಕಡಿಮೆಯಿಲ್ಲ. ಏನೆಂದು ಬರೆಯಲಿ?

ಅವ್ವ ಎದ್ದು ಪ್ರೆಸ್ಸಿನ ಕಡೆಯ ಬಾಗಿಲನ್ನು ತಾನೇ ತೆಗೆದಳು. ಮಾವ ಗಾಬರಿಯಿಂದ ಕುರ್ಚಿ ಬಿಟ್ಟೆದ್ದರು.

"ಬೀಗ್ರೇ, ಅಲ್ಲೊಂದ್ ಫ್ಯಾನ್ ಅದಲ್ಲ, ಅದು ನೋಡಕ್ಕಾ?"

"ಕವರು ಆರೋಯ್ತವೆ ಕಣಮ್ಮ, ಅದ್ಕೆ..."

"ಕವರು ಆರೋದ್ರೆ ಬಗ್ಗಿ ಎತ್ಕಬೋದು. ನನ್ ಮಗ್ಳು ಆರೋದ್ರೆ?"

ನಮ್ಮ ಕಡೆ ಗಾಳಿಗೆ ಹಾರುವುದಕ್ಕೂ ದೀಪ ಆರುವುದಕ್ಕೂ ಬಾಯಿಗೆ ಬರುವುದು ಒಂದೇ ಮಾತು. ಮಾವನಿಗೆ ಎರಡೂ ಅರ್ಥವಾಯಿತು. ಅವರು ತಲೆ ತಗ್ಗಿಸಿದರು. ಅವ್ವ ನನ್ನನ್ನು ಕರೆದುಕೊಂಡು ಹೋಗುತ್ತಾಳೇನೋ ಅನ್ನಿಸಿತು. ಬಾ ಎಂದು ಒಮ್ಮೆ ಕರೆದಳು ಕೂಡ. ನಾನೇ ಹೋಗಲಿಲ್ಲ. ಹೋಗಿ ಅಲ್ಲಿ ಏನು ಮಾಡಲಿ? ಬಂದವರಿಗೆಲ್ಲ ಏನು ಹೇಳಲಿ? ಸಾಯಂಕಾಲದ ಬಸ್ಸಿಗೆ ಅವ್ವ ಒಬ್ಬಳೇ ಹೊರಟಳು. ಮಾರನೆಯ ದಿನ ಮಾವ ಕಾರ್ಡುಗಳ ಮೇಲೆ ಇಡಲು ಇಟ್ಟಿಗೆ ತರಿಸಿದರು. ಫ್ಯಾನು ತಿರುಗಿತು. ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಕವರು ಮಾತ್ರ ಎಲ್ಲರಿಗೂ ಹಿಡಿಸಿತು. ಎಂಜಲಿಲ್ಲ, ಗೋಂದಿಲ್ಲ, ಅರಿಶಿನ ಹರಡುವುದಿಲ್ಲ. ಗಂಡ ಸೀಳು ಕೊಯ್ಯಲು ಒಂದು ಅಚ್ಚು ಮಾಡಿಸಿ ತಂದರು. ಮಂಡ್ಯದಿಂದ, ಮದ್ದೂರಿನಿಂದ ಜನ ಹುಡುಕಿಕೊಂಡು ಬರತೊಡಗಿದರು. "ನಮ್ ಪ್ರೆಸ್ಸಿಂದೇ ಸ್ವಂತದ್ದು" ಎಂದು ಮಾವ ಗಿರಾಕಿಗಳಿಗೆ ಹೇಳುವುದು ಬಾಗಿಲ ಈಚೆಗೆ ಕೇಳುತ್ತಿತ್ತು.

ಕೊಯ್ಯುವುದಕ್ಕೆ ಅಚ್ಚು ಬಂತೇ ಹೊರತು ಮಡಚುವುದು ಕೈಯಲ್ಲೇ ಆಗಬೇಕಿತ್ತು. ಆ ಕೈ ನನ್ನದೊಂದೇ. ಗೋಂದಿನ ಕವರಾಗಿದ್ದರೆ ಯಾರನ್ನಾದರೂ ಕೂರಿಸಬಹುದಿತ್ತು. ಇದನ್ನು ಬೇರೆಯವರಿಗೆ ಕಲಿಸುವ ಮಾತನ್ನು ಯಾರೂ ಎತ್ತಲಿಲ್ಲ, ನಾನೇ ಆಗಬೇಕು. ಮೊದಲು ಮಧ್ಯಾಹ್ನ ಒಂದು ಜೊಂಪು ನಿದ್ದೆಯಾದರೂ ಸಿಗುತ್ತಿತ್ತು, ಈಗ ಅದೂ ಹೋಯಿತು. ಧೈರ್ಯ ಮಾಡಿ ಒಂದು ದಿನ ಶಾಲೆಯ ಮಾತು ತೆಗೆದೆ.

"ಈಗ ನೀನ್ ಒಂಟೋದ್ರೆ ಎಂಗಮ್ಮ?" ಎಂದರು ಮಾವ. ಅವರ ದನಿಯಲ್ಲಿ ನಿಜವಾದ ದಿಗಿಲಿತ್ತು. "ನಿನ್ ಬುಟ್ರೆ ಯಾರ್ಗ್ ಬತ್ತದೆ ಇದು?"

ನಾನು ಒಳಗೆ ಹೋದೆ. ಅವತ್ತು ಮಡಚಿದ ಪ್ರತಿಯೊಂದು ಕವರಿನ ಮೇಲೂ ನನಗೆ ಸಿಟ್ಟಿತ್ತು. ಬೇರೆ ಯಾರೋ ಹಾಕಿದ ಅಗುಳಿಯಾಗಿದ್ದರೆ ಅವರನ್ನು ಶಪಿಸಬಹುದಿತ್ತು. ಇದನ್ನು ಕೊಯ್ದು, ತೂತು ಹೊಡೆದು, ಕಿವಿ ಇಟ್ಟು ಮಾಡಿದವಳು ನಾನೇ.

ಹೀಗೇ ಕೆಲವು ವರ್ಷ ಕಳೆದವು. ಒಂದು ದಿನ ಮದ್ದೂರಿನಿಂದ ಬಂದಿದ್ದ ಹೆಂಗಸೊಬ್ಬರು ಕವರನ್ನು ಹೇಗೆ ಮುಚ್ಚುವುದು, ತೋರಿಸಿ ಎಂದು ಕೇಳಿದರು. ಹೆಚ್ಚಿಗೆ ಕೊಂಡ ಖಾಲಿ ಕವರುಗಳನ್ನು ಅವರು ಮನೆಯಲ್ಲೇ ಮುಚ್ಚಿಕೊಳ್ಳಬೇಕಿತ್ತು. ಇಂಥದ್ದನ್ನು ಒಳಗೆ ತಂದು ನನ್ನಿಂದ ಮಾಡಿಸಿಕೊಂಡು ಹೋಗುತ್ತಿದ್ದ ಗಂಡ ಅವತ್ತು ಊರಿನಲ್ಲಿರಲಿಲ್ಲ. ಮಾವ ಒಂದು ಕವರು ತೆಗೆದುಕೊಂಡರು. ಕಾಗದ ಹರಿದ ಸದ್ದು ನನಗೆ ಕೇಳಿಸಿತು. ಇನ್ನೊಂದು ತೆಗೆದುಕೊಂಡರು. ಅದೂ ಹರಿಯಿತು.

"ನಿಮ್ ಪ್ರೆಸ್ಸಿಂದೇ ಅಂದ್ರಿ, ನಿಮ್ಗೇ ಬರಲ್ವಲ್ಲ ಯಜಮಾನ್ರೇ" ಎಂದು ಆಕೆ ನಕ್ಕರು. ಮಾವ ಮೂರನೆಯದಕ್ಕೆ ಕೈ ಹಾಕಿದ್ದು ತಿಳಿಯಿತು. ನನಗೆ ತಡೆಯಲಾಗಲಿಲ್ಲ. ಹಣೆಯ ಸೆರಗು ಬಿಚ್ಚಿ, ಬಾಗಿಲು ತೆಗೆದು ಹೊರಗೆ ಹೋದೆ. ಅವರ ಕೈಯಿಂದ ಕವರು ತೆಗೆದುಕೊಂಡು, ಕಿವಿ ಮಡಚಿ, ತೂರಿಸಿ, ಆಕೆಯ ಕೈಗೆ ಕೊಟ್ಟೆ. "ನೀವ್ ಒಂದ್ಸಲ ಮಾಡಿ ನೋಡಿ" ಎಂದೆ. ಆಕೆ ಮಾಡಿದರು.

"ಇವ್ರು ಕೆಲ್ಸದೋರಾ?" ಎಂದು ಮಾವನನ್ನು ಕೇಳಿದರು.

ಮಾವ ಹರಿದ ಕವರುಗಳನ್ನು ಒಟ್ಟುಮಾಡಿ ಪಕ್ಕಕ್ಕೆ ಸರಿಸಿದರು. ಆಮೇಲೆ "ನಮ್ ಸೊಸೆ. ಅವ್ಳೇ ಮಾಡಿದ್ದು ಇದು" ಎಂದರು.

ಆ ಸಂಜೆ ಮಾವ ಬಾಗಿಲು ಮುಚ್ಚಲಿಲ್ಲ. ಮಾರನೆಯ ದಿನವೂ ಅದು ತೆರೆದೇ ಇತ್ತು. ತೆರೆದ ಬಾಗಿಲಿನಿಂದ ನನಗೆ ದೊಡ್ಡ ಬಿಡುಗಡೆಯೇನೂ ಆಗಲಿಲ್ಲ, ಕೂತಿದ್ದು ಅದೇ ಕೋಣೆ. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಅಷ್ಟರಲ್ಲಿ ಬೇರೆಯವರು ನೆಲೆಯಾಗಿದ್ದರು. ಈಗ ಮದುವೆಗೆ ಕರೆಯುವುದು ಬಹುಪಾಲು ಫೋನಿನಲ್ಲೇ. ಕಾರ್ಡು ದೇವರಿಗೆ, ಹಿರಿಯರಿಗೆ, ಬೀಗರಿಗೆ ಮಾತ್ರ. ಆದರೂ ನಮ್ಮ ಕವರನ್ನೇ ಕೇಳಿಕೊಂಡು ಬರುವವರಿದ್ದಾರೆ.

ಹೋದ ವರ್ಷ ಹಲಗೂರಿನ ಹೆಂಗಸರ ಸಂಘದವರು ಮಡಚುವುದನ್ನು ಹೇಳಿಕೊಡಿ ಎಂದು ಕರೆದರು. ಮಾವ ಯೋಚನೆ ಮಾಡಿ ಒಪ್ಪಿದರು. ಒಬ್ಬಳೇ ಬಸ್ಸು ಹತ್ತಿ ಹೋದೆ. ಅವರು ಬೇಗ ಕಲಿತುಬಿಟ್ಟರು. ನಾನು ಎಷ್ಟೋ ದಿನ ಒದ್ದಾಡಿ ಕಂಡುಕೊಂಡದ್ದು ಅವರಿಗೆ ಒಂದು ಬೆಳಗಿನಲ್ಲಿ ಕೈಗೆ ಹತ್ತಿತು. ಖುಷಿಯೂ ಆಯಿತು, ಇಷ್ಟೇನಾ ಎಂದು ಸ್ವಲ್ಪ ಬೇಜಾರೂ ಆಯಿತು.

ವಾಪಸ್ಸು ಬರಲು ಹಲಗೂರಿನ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಮಳವಳ್ಳಿ ಬಸ್ಸು ಬಂತು. ಸೀಟೂ ಇತ್ತು. ಕಂಡಕ್ಟರು "ಬತ್ತೀರೇನಮ್ಮ?" ಎಂದು ಕೂಗಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಬಸ್ಸು ಹೊರಟುಹೋಯಿತು. ಗೂಡಂಗಡಿಯಲ್ಲಿ ಕಡಲೆಕಾಯಿ ಕೊಂಡು ಕಲ್ಲುಬೆಂಚಿನ ಮೇಲೆ ಕೂತು ಒಂದೊಂದೇ ಸುಲಿದು ತಿಂದೆ. ಮುಂದಿನ ಬಸ್ಸು ಬರುವುದು ಬಹಳ ಹೊತ್ತಾಯಿತು, ಅಷ್ಟು ಹೊತ್ತೂ ನನ್ನದೇ.

ಮನೆಗೆ ಬಂದಾಗ ಮಾವ ಜಗುಲಿಯಲ್ಲಿ ಕಾಯುತ್ತಿದ್ದರು. "ಯಾಕ್ ಮಗ ಒತ್ತಾಯ್ತು?"

"ಒಂದ್ ಬಸ್ಸು ಬುಟ್ಟೆ ಮಾವ."

"ರಸ್ಸಾಗಿತ್ತಾ?"

"ಇಲ್ಲ. ಸುಮ್ನೆ ಬುಟ್ಟೆ."

ಮಾವ ನನ್ನ ಮುಖ ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಕಾಲು ತೊಳೆದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದೆ.