ಹಂಚಿಹುಲ್ಲು ಬಿತ್ತಿದ ಹೊಲ

ಕೊಟ್ಟೂರು ಕಡೆಯ ನಮ್ಮ ಊರಿನಲ್ಲಿ ಎಲ್ಲರೂ ಹೊಲದಿಂದ ಹುಲ್ಲು ಕೀಳುತ್ತಾರೆ. ಹುಲ್ಲು ಬಿತ್ತಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹಂಚಿ ಎಂದರೆ ಕಸಬರಿಗೆಯ ಹುಲ್ಲು. ಗರಸು ನೆಲದಲ್ಲಿ, ಕಲ್ಲಿನ ಸಂದಿಯಲ್ಲಿ ಮಳೆ ಬಿದ್ದರೆ ತಾನೇ ಏಳುತ್ತದೆ. ದೀಪಾವಳಿ ಕಳೆದ ಮೇಲೆ ಕಡ್ಡಿ ಒಣಗಿ ಗಟ್ಟಿಯಾಗುತ್ತದೆ. ಅದರಲ್ಲಿ ಕಸಬರಿಗೆ ಕಟ್ಟುವುದು ನಾನು ಕೂಡ್ಲಿಗಿ ಕಡೆಯ ತವರಿನಿಂದ ತಂದ ವಿದ್ಯೆ. ಮದುವೆಯಾಗಿ ಬಂದಾಗ ಊರ ಹಿಂದಿನ ಗುಡ್ಡದ ತುಂಬ ಹಂಚಿಯಿತ್ತು. ಓಣಿಯ ಹೆಂಗಸರೆಲ್ಲ ಕೊಯ್ದು ತರುತ್ತಿದ್ದೆವು, ಎಲ್ಲರಿಗೂ ನಾನೇ ಕಟ್ಟಿಕೊಡುತ್ತಿದ್ದೆ. ಆಮೇಲೆ ಗುಡ್ಡ ಒಡೆದು ಜಲ್ಲಿ ಮಾಡಿದರು. ಹುಲ್ಲು ಹೋಗಿ ಪ್ಲಾಸ್ಟಿಕ್ ಪೊರಕೆ ಬಂತು. ಸಗಣಿ ಸಾರಿಸಿದ ಅಂಗಳದಲ್ಲಿ ಅದನ್ನು ಆಡಿಸಿದರೆ ಕಸ ಇದ್ದಲ್ಲೇ ಇರುತ್ತದೆ, ಧೂಳು ಮಾತ್ರ ಮೂಗಿಗೆ. ಅದನ್ನು ಹಿಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಮ್ಮ ಹೊಲದ ಮೇಲ್ತುದಿಯಲ್ಲಿ ಬರೀ ಕಲ್ಲು ತುಂಬಿದ ನೆಲದ ತುಂಡೊಂದಿದೆ. ಜೋಳ ಹಾಕಿದರೆ ಮೊಳಕಾಲೆತ್ತರಕ್ಕೂ ಬರದು. ಅದನ್ನು ನನಗೆ ಬಿಡಿ, ಹಂಚಿ ಬೆಳೆಯುತ್ತೇನೆ ಎಂದೆ. ನಮ್ಮ ಮನೆಯವರು ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಹೊಲದ ವಿಷಯದಲ್ಲಿ ಕೊನೆಯ ಮಾತು ಅವರದೇ.

"ಊರಿಗೆಲ್ಲ ಒಂದು ದಾರಿ ಆದ್ರ ಎಡವಟ್ಟಗ ಒಂದು ದಾರಿ. ಎರಡು ಮಳಿಗಾಲ ಕೊಡ್ತೀನಿ ನೋಡವ್ವಾ. ಬರಲಿಲ್ಲಂದ್ರ ಜೆಸಿಬಿ ತರಿಸಿ, ಕಲ್ಲು ತೆಗಿಸಿ, ಮೆಕ್ಕಿಜ್ವಾಳ ಹಾಕ್ಸೋದ."

ಆ ಚಳಿಗಾಲ ತವರಿಗೆ ಹೋಗಿ ಒಂದು ಚೀಲ ಬೀಜ ತಂದೆ, ಜೊತೆಗೆ ಮನೆಗೆಂದು ನಾಲ್ಕಾರು ಕಸಬರಿಗೆ ಕಟ್ಟಿ ತಂದೆ. ಹಂಚಿಯ ಒಂದೊಂದು ಬೀಜಕ್ಕೂ ಕೂದಲಿನಂಥ ಮೂರು ಮುಳ್ಳು. ಕಂಬಳಿಗೆ, ಸೀರೆಯ ಅಂಚಿಗೆ ಹತ್ತಿಕೊಂಡರೆ ಬಿಡದು. ಅದಕ್ಕೇ ಹೊಸ ಕಸಬರಿಗೆಯನ್ನು ಕಲ್ಲಿಗೆ ಬಡಿದು ಬೀಜ ಉದುರಿಸಿಯೇ ಒಳಗೆ ತರುವುದು. ಅತ್ತೆ ನನಗೆ ಅಂಗಳದಲ್ಲೂ ಕಸಬರಿಗೆ ಬಡಿಯಗೊಡಲಿಲ್ಲ. ಹೊಲಕ್ಕೆ ಹೋಗಿ ಬಡಿ ಎಂದು ಅಟ್ಟಿದರು. ನಾನು ಸಿಟ್ಟಿನಲ್ಲಿ ಬದುವಿನ ಕಲ್ಲಿಗೆ ಬಡಿದು ಬಂದೆ.

ಮುಂಗಾರು ಬಂತು. ರೈತರ ಮನೆಯ ಸೊಸೆ ನಾನು, ಬಿತ್ತನೆ ಎಂದರೆ ಗೊತ್ತಿಲ್ಲವೇ? ನೇಗಿಲು ಹೊಡೆಸಿದೆ, ಕೂರಿಗೆಗೆ ಕುಂಕುಮ ಹಚ್ಚಿದೆ, ಜೋಳದ ಹಾಗೆ ಸಾಲು ಹಿಡಿದು ಬೀಜ ಬಿಟ್ಟು, ಮೇಲೆ ಮಣ್ಣು ಮುಚ್ಚಿಸಿದೆ. ಒಂದು ಎಸಳೂ ಏಳಲಿಲ್ಲ! ಇಡೀ ಓಣಿಗೆ ನಗೆಪಾಟಲಾದೆ. ಅಳುವೂ ಬಂತು, ಸುಳ್ಳೇಕೆ ಹೇಳಲಿ.

ದಸರೆಯ ಹೊತ್ತಿಗೆ ಬದುವಿನ ಮೇಲೆ ಕೂತಿದ್ದಾಗ ಕಂಡಿತು: ನಾನು ಕಸಬರಿಗೆ ಬಡಿದ ಆ ಕಲ್ಲಿನ ಸುತ್ತ ಹಂಚಿ ಪೊದೆಯಾಗಿ ನಿಂತಿದೆ. ಉತ್ತಿಲ್ಲ, ಬಿತ್ತಿಲ್ಲ, ಮುಚ್ಚಿಲ್ಲ. ಕಾಡಿನ ಹುಲ್ಲನ್ನು ಜೋಳ ಮಾಡಲು ಹೋಗಿದ್ದೆನಲ್ಲ ಎಂದು ನನಗೇ ನಗು ಬಂತು.

ಆ ಸಲ ದೀಪಾವಳಿ ಕಳೆದ ಮೇಲೆ ತವರಿನಿಂದ ಗಾಡಿಯ ತುಂಬ ಹುಲ್ಲು ತರಿಸಿದೆ. ಓಣಿಯ ಮನೆಮನೆಗೂ ಕಸಬರಿಗೆ ಕಟ್ಟಿದೆ. ಕರಾರು ಒಂದೇ, ನನ್ನ ಹೊಲದ ಕಲ್ಲಿಗೆ ಬಡಿದೇ ಒಯ್ಯಬೇಕು. ಬೆಳಗಿನಿಂದ ಹೆಂಗಸರು ಸೆರಗು ಸೊಂಟಕ್ಕೆ ಸಿಗಿಸಿ, ಬೇಡದವರ ಹೆಸರು ಹೇಳಿ ಹೇಳಿ ಬಡಿದರು. ಆ ಪಟಪಟ ಸದ್ದಿಗೆ ಪಕ್ಕದ ಹೊಲದವರು ಎದ್ದು ಬಂದು ನೋಡಿದರು. ನಮ್ಮ ಮನೆಯವರು ಟವೆಲ್ ಮುಖಕ್ಕೆಳೆದುಕೊಂಡು ಅತ್ತ ನಡೆದರು.

ಮುಂದಿನ ಮುಂಗಾರಿನ ಮಳೆ ಬಿದ್ದ ಮೇಲೆ ಹಸಿರಾಡಿತು. ಅತ್ತೆ ಅದು ಬರೀ ಕಳೆ ಎಂದರು. ನಾನು ಕಳೆ ಕೀಳಲೂ ಹೋಗಲಿಲ್ಲ. ದೀಪಾವಳಿಗೆ ಒಂದು ಮೂಲೆ ಬಿಟ್ಟರೆ ಕಲ್ಲೇ ಕಾಣದಷ್ಟು ಹಂಚಿ, ಗಾಳಿ ಬಂದರೆ ಆ ತುಂಡೆಲ್ಲ ಒಂದೇ ಕಡೆಗೆ ಬಾಗುತ್ತಿತ್ತು. ಜನ್ಮದಲ್ಲಿ ಅಷ್ಟು ಖುಷಿ ನನಗೆ ಇನ್ನೊಮ್ಮೆ ಆಗಿಲ್ಲ. ಗೆದ್ದೆ ಎಂದು ಹೊಲದಲ್ಲೇ ಗಟ್ಟಿಯಾಗಿ ಹೇಳಿಕೊಂಡೆ.

ಕೊಯ್ಲಿನ ದಿನ ಅತ್ತೆಯೂ ಬಂದರು. ಮೊದಲು ಕಟ್ಟಿದ ಕಸಬರಿಗೆಯನ್ನು ಅವರ ಕೈಗಿತ್ತೆ. ತಿರುಗಿಸಿ ನೋಡಿದರು, ಕಟ್ಟು ಎಳೆದು ನೋಡಿದರು, ಚೆನ್ನಾಗಿದೆ ಅನ್ನಲಿಲ್ಲ. ಅದನ್ನು ಹಿಡಿದು ಹೊರಟೇಬಿಟ್ಟರು. ಮನೆಗೆ ಹೋದರು ಅಂದುಕೊಂಡೆ. ಅವರು ಹುಲ್ಲು ಏಳದಿದ್ದ ಆಚೆ ಮೂಲೆಗೆ ಹೋಗಿ, ಬಗ್ಗಿ, ಅಲ್ಲಿನ ಕಲ್ಲಿಗೆ ಬಡಿಯತೊಡಗಿದರು. ನಾನು ಕುಡುಗೋಲು ಹಿಡಿದು ನಿಂತೇ ಇದ್ದೆ.

"ಏನು ನೋಡ್ತಿಯವ್ವಾ?" ಎಂದರು. "ಈ ಕಡಿ ಖಾಲಿ ಐತಿ. ಇನ್ನೊಂದು ಕಸಬರಿಗಿ ತಾ ಇಲ್ಲಿ."