ಆನ್ನೆಲೀಸಳ ಒಲೆ, ಗುಬ್ಲರ್ ಸಾಹೇಬರ ಕೊಳ

ಜ್ಯೂರಿಕ್ ಸರೋವರದ ದಂಡೆಯ ನಮ್ಮೂರಿನಲ್ಲಿ ಎಣ್ಣೆ ಎರಡು ಬಗೆಯದು: ಒಲೆಗೆ ಹಾಕುವುದು, ಒಳಗೆ ಹಾಕುವುದು. ಮೊದಲನೆಯದನ್ನು ನಿಷೇಧಿಸಲು ಊರ ಸಭೆ ಸೇರಿತ್ತು. ಸಭೆ ಮುಗಿದ ಮೇಲೆ ಎರಡನೆಯದನ್ನು ಪುಕ್ಕಟೆ ಹಂಚುವುದು ಪದ್ಧತಿ.

ಆನ್ನೆಲೀಸ್ ಶ್ಮಿಡಿಗ್‌ಗೆ ಅರವತ್ತೊಂದು. ಗುಡ್ಡದ ಮೇಲಿನ ಬಂಗಲೆಗಳ ನೆಲ ಒರೆಸಿ, ಗುಡ್ಡದ ಬುಡದ ಪುಟ್ಟ ಮನೆಯಲ್ಲಿ, ಚಳಿಗಾಲಕ್ಕೆ ಮನೆ ಬೆಚ್ಚಗಿಡುವ ಎಣ್ಣೆ ಒಲೆಯ ಶಾಖದಲ್ಲಿ ಬದುಕುವವಳು. ವಿಮಾನ ಹತ್ತಿದವಳಲ್ಲ, ಕಾರಿಲ್ಲ, ಮೊಸರಿನ ಡಬ್ಬಿಯನ್ನೂ ತೊಳೆದೇ ಮರುಬಳಕೆಗೆ ಹಾಕುತ್ತಾಳೆ. ಇಷ್ಟು ಹಸಿರಾಗಿದ್ದವಳನ್ನು ಪರಿಸರದ್ರೋಹಿ ಮಾಡಲು ಸಭೆಯ ಮುಂದೆ ಬಂದ ಒಂದು ಠರಾವು ಸಾಕಾಯಿತು: ಎರಡು ವರ್ಷದೊಳಗೆ ಎಣ್ಣೆ ಒಲೆಗಳನ್ನು ಕಿತ್ತುಹಾಕಬೇಕು, ಖರ್ಚು ಮನೆಯವರದೇ. ಅದು ಅವಳಿಂದಾಗದು. ಮನೆ ಮಾರಬೇಕು, ಕೊಳ್ಳುವವರೂ ಗುಡ್ಡದ ಮೇಲಿನವರೇ.

ನಮ್ಮ ಸಭೆಯಲ್ಲಿ ಗುಟ್ಟಿನ ಮತವಿಲ್ಲ. ಶಾಲೆಯ ವ್ಯಾಯಾಮದ ಹಾಲಿನಲ್ಲಿ, ಸಂಬಳ ಕೊಡುವವರ ಕಣ್ಣೆದುರೇ ಕೈ ಎತ್ತಬೇಕು.

ಬ್ಯಾಂಕಿನಿಂದ ನಿವೃತ್ತರಾದ ರೆಟೊ ಗುಬ್ಲರ್ ಎದ್ದರು. ಆನ್ನೆಲೀಸ್ ಪ್ರತಿ ಮಂಗಳವಾರ ಒರೆಸುವುದು ಅವರ ನೆಲವನ್ನೇ.

"ಹಿಮನದಿಗಳು ಕರಗ್ತಿವೆ ಕಣ್ರೀ! ಎಲ್ಲರೂ ಸ್ವಲ್ಪ ತ್ಯಾಗ ಮಾಡೋಣ."

ಗುಡ್ಡದ ವ್ಯಾಕರಣದಲ್ಲಿ 'ಮಾಡೋಣ' ಎಂದರೆ 'ನೀವು ಮಾಡಿ' ಎಂದರ್ಥ.

ಆನ್ನೆಲೀಸ್ ಎದ್ದಳು. "ತ್ಯಾಗಕ್ಕೆ ನಾನೂ ರೆಡಿ ಸಾಹೇಬ್ರೆ. ಒಂದೇ ಒಂದು ತಿದ್ದುಪಡಿ. ಒಲೆ ಜೊತೆಗೆ ಅಂಗಳದ ಬಿಸಿನೀರಿನ ಈಜುಕೊಳಾನೂ ಮುಚ್ಚಿಸಿ. ಜನವರೀಲಿ ನಿಮ್ಮ ಕೊಳದ ಸುತ್ತ ಒರೆಸೋವಾಗ ಆ ಹಬೆಗೆ ನನ್ನ ಕನ್ನಡಕ ಮಬ್ಬಾಗಿ ಏನೂ ಕಾಣಲ್ಲ."

"ಅದು ಬಿಸಿಲಿನ ಕರೆಂಟು ಕಣಮ್ಮಾ!"

"ಮೂರು ತಿಂಗಳಿಂದ ಮಂಜು ಮುಚ್ಕೊಂಡಿದೆ. ಬಿಸಿಲನ್ನ ಎಲ್ಲಿಂದ ತರಿಸ್ತೀರಿ, ಆನ್‌ಲೈನಾ?"

ಹಿಂದಿನ ಸಾಲುಗಳು ಗೊಳ್ಳೆಂದವು. ನಿಯಮದಂತೆ ತಿದ್ದುಪಡಿ ಮೊದಲು ಮತಕ್ಕೆ ಬಂತು. ಕೊಳವಿಲ್ಲದವರೆಲ್ಲ ಕೈ ಎತ್ತಿದರು. ಪರಿಸರವೆಂದರೆ ಕೈ ಎತ್ತಿಯೇ ರೂಢಿಯಾಗಿದ್ದ ಗುಬ್ಲರರದೂ ತಾನಾಗಿ ಮೇಲೆ ಹೋಯಿತು.

ಹೆಂಡತಿ ತೋಳು ಜಗ್ಗಿದರು. "ಇಳಿಸ್ರೀ ಕೈನ! ನಮ್ಮ ಕೊಳ ಅದು!"

ಎಣಿಸುವವನು ಆಗಲೇ ಆ ಸಾಲು ದಾಟಿದ್ದ. ತಿದ್ದುಪಡಿ ಗೆದ್ದದ್ದು ಒಂದೇ ಮತದಿಂದ.

ಈಗ ಒಲೆ, ಕೊಳ ಎರಡೂ ಸೇರಿದ ಠರಾವು. ಗುಬ್ಲರ್ ಗಂಟಲು ಸರಿಮಾಡಿಕೊಂಡರು. "ಇಂಥದ್ದಕ್ಕೆಲ್ಲ ಆತುರ ಬೇಡ. ಇನ್ನೂ ಅಧ್ಯಯನ ಆಗ್ಬೇಕು."

ಹಿಮನದಿಗಾಗಿ ಕೈ ಎತ್ತಲು ಬಂದಿದ್ದ ಗುಡ್ಡ, ಹಿಮನದಿಯ ವಿಷಯದಲ್ಲೇ ಕೈ ಎತ್ತಿಬಿಟ್ಟಿತು. ಒಲೆಯವರೂ ಕೊಳದವರೂ ಸೇರಿ ಬೇಡವೆಂದರು; ಠರಾವು ಬಿತ್ತು, ಒಲೆಯೂ ಉಳಿಯಿತು, ಕೊಳವೂ ಉಳಿಯಿತು.

ವೈನ್ ಹಂಚುವಾಗ ಗುಬ್ಲರ್ ಹತ್ತಿರ ಬಂದರು, ಮುಖ ಹುಳಿ ದ್ರಾಕ್ಷಿ. "ಮಂಗಳವಾರ ಬರ್ತೀಯಲ್ಲಮ್ಮ?"

"ಬರ್ದೆ ಇರ್ತೀನಾ ಸಾಹೇಬ್ರೆ?" ಆನ್ನೆಲೀಸ್ ಲೋಟ ಮುಂದೆ ಚಾಚಿದಳು. "ಕನ್ನಡಕ ಮಾತ್ರ ಮನೇಲೇ ಬಿಟ್ಟು ಬರ್ತೀನಿ."