ಆರು ಗೆರೆಯ ಪಾಸು

ಆ ಊರಿಗೆ ಜನ ಬರುತ್ತಿದ್ದದ್ದು ಪಾರ್ಕಿಗಾಗಿ. ಕಿರುಚಿಸುವ ರೈಲು, ತಿರುಗುವ ಬುಟ್ಟಿ, ಗಂಟೆಗೊಮ್ಮೆ ಯಂತ್ರದಿಂದ ಅಲೆ ಏಳಿಸುವ ಕೊಳ, ಎಲ್ಲ ಅಲ್ಲಿತ್ತು. ನಿಜವಾದ ಕಡಲು ಮಾತ್ರ ಐದು ಗಂಟೆಯ ದಾರಿ.

ಪಾರ್ಕಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಕರಡಿ, ಮೊಲ, ಆನೆಯ ವೇಷಗಳನ್ನು ಒಗೆಯುತ್ತಿದ್ದವಳಿಗೆ ಕರಡಿಯಮ್ಮ ಎಂದೇ ಹೆಸರು ಬಿದ್ದಿತ್ತು. ಮಕ್ಕಳು ಅಪ್ಪಿಕೊಳ್ಳುವುದು ಕರಡಿಯ ಹೊರಗನ್ನು. ಇವಳ ಪಾಲಿಗೆ ಬರುತ್ತಿದ್ದದ್ದು ಒಳಗು. ದಿನವಿಡೀ ಒಬ್ಬ ಬೆವರಿ, ಕೆಮ್ಮಿ, ಒಮ್ಮೊಮ್ಮೆ ವಾಂತಿಯನ್ನೂ ಮಾಡಿಕೊಂಡ ಒಳಗು. ವೇಷದ ತಲೆಯನ್ನು ಬೋರಲು ಹಾಕಿ, ಸ್ಪಂಜಿನ ಪದರ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಮೂರು ಸಲ ಜಾಲಿಸಬೇಕು. ಎರಡಕ್ಕೇ ನಿಲ್ಲಿಸಿದರೆ ವಾಸನೆ ಬಿಡುವುದಿಲ್ಲ, ನಾಲ್ಕಾದರೆ ಬಣ್ಣ ಬಿಡುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವಳ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ಗಂಡ ಮದುವೆಯಾದ ನಾಲ್ಕನೇ ವರ್ಷಕ್ಕೇ ತೀರಿಕೊಂಡಿದ್ದ. ಈಗ ತಮ್ಮನ ಮನೆಯ ಹಿಂದಿನ ಕೋಣೆ ಅವಳದು. ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದವಳೂ ಅವಳೇ.

ಪಾರ್ಕಿನವರಿಗೆ ಕಡಲ ದಂಡೆಯಲ್ಲೊಂದು ಅತಿಥಿಗೃಹವಿತ್ತು. ಕೆಲಸ ಬಿಡುವ ಮುಂಚಿನ ವರ್ಷ ಪ್ರತಿಯೊಬ್ಬರಿಗೂ ಒಂದೇ ಒಂದು ಸಲ, ಮನೆಮಂದಿಯೊಡನೆ ನಾಲ್ಕು ದಿನ ಅಲ್ಲಿರಲು ಪಾಸು ಕೊಡುತ್ತಿದ್ದರು. ಕರಡಿಯಮ್ಮ ಕಡಲನ್ನು ಕಂಡವಳಲ್ಲ. ಅವಳ ಆಸೆ ಇಷ್ಟೆ: ಮೊಣಕಾಲುದ್ದ ನೀರಿನಲ್ಲಿ ನಿಂತು, ಯಾರೂ ಗುಂಡಿ ಒತ್ತದೆ ತಾನಾಗಿ ಬರುವ ಅಲೆಯನ್ನು ನೋಡಬೇಕು.

ಅರ್ಜಿಯಲ್ಲಿ ಹೆಸರು ಬರೆಯಲು ಆರು ಗೆರೆ. ಎರಡನೇ ಕ್ಲಾಸಿಗೆ ಓದು ನಿಲ್ಲಿಸಿದವಳು ಒಂದು ಸಂಜೆಯೆಲ್ಲ ಕೂತು ಅಕ್ಷರ ಕೂಡಿಸಿದಳು. ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು, ತಮ್ಮನ ಅತ್ತೆ, ಮಾವ. ಗೆರೆ ಮುಗಿದವು. ಪಾಸೇ ತನ್ನದು, ಅದರಲ್ಲಿ ತನ್ನ ಹೆಸರು ಬೇರೆ ಯಾಕೆ? ಬಡಿಸುವವಳು ತನ್ನ ತಟ್ಟೆ ಎಣಿಸುತ್ತಾಳೆಯೇ?

“ಸರಿ ಇದೆಯಾ ನೋಡಮ್ಮ,” ಎಂದು ತಮ್ಮನ ಹೆಂಡತಿಗೆ ತೋರಿಸಿದಳು. ಡಿಗ್ರಿ ಓದಿದ ಹೆಂಗಸು. ಕಾಗದವನ್ನು ಮೇಲಿಂದ ಕೆಳಕ್ಕೆ ಎರಡು ಸಲ ಓದಿದಳು.

“ಮುತ್ತಿನಂಥ ಅಕ್ಷರ ಅತ್ತಿಗೆ. ಹೀಗೇ ಕೊಟ್ಬಿಡಿ.”

ಹೊರಡುವ ಹಿಂದಿನ ದಿನ ಪಾಸು ತರಲು ಹೋದಾಗ ಆಫೀಸಿನ ಗುಮಾಸ್ತ ನಕ್ಕ.

“ಏನ್ ಕರಡಿಯಮ್ಮ, ದಿನಾ ನೀರಲ್ಲೇ ಇರೋರಿಗೆ ನೀರು ಕಂಡ್ರೆ ಭಯಾನಾ?”

“ಯಾರಂದ್ರು?”

“ನಿಮ್ಮ ತಮ್ಮ. ಆರು ಜನರಲ್ಲಿ ನಿಮ್ಮ ಹೆಸರೇ ಇರಲಿಲ್ಲ. ಮರೆತಿರಬೇಕು, ಒಂದು ಹೆಸರು ಹೊಡೆದು ನಿಮ್ದು ಹಾಕ್ಲಾ ಅಂತ ನಾನೇ ಫೋನ್ ಮಾಡಿ ಕೇಳ್ದೆ. ಬೇಡ, ಅಕ್ಕಂಗೆ ನೀರು ಕಂಡ್ರೆ ಆಗಲ್ಲ, ಅವಳು ಬರಲ್ಲ ಅಂದ್ರು. ಈಗ ಅಚ್ಚಾಗಿದೆ, ತಿದ್ದೋಕಾಗಲ್ಲ. ಕೆಳಗೆ ಸಹಿ ಹಾಕಿ. ಸಹಿ ಇಲ್ದಿದ್ರೆ ಅಲ್ಲಿ ಗೇಟು ತೆಗೆಯಲ್ಲ, ನಾಳೆ ಐದು ಗಂಟೆ ದಾಟಿದ್ರೆ ಪಾಸು ಸತ್ತ ಹಾಗೆ.”

“ಕನ್ನಡಕ ಮನೇಲಿದೆ,” ಎಂದಳು. “ಅಲ್ಲೇ ಹಾಕ್ತೀನಿ.”

ಮನೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿದ್ದವು.

“ಕಾರಲ್ಲಿ ನಾನೆಲ್ಲಿ ಕೂರಲಿ?” ಎಂದು ಕೇಳಿದಳು.

ತಮ್ಮ ಜಿಪ್ಪು ಎಳೆಯುತ್ತಲೇ ಹೇಳಿದ: “ನೀನೇ ಕೈಯಾರೆ ಆರು ಹೆಸರು ಬರೆದುಕೊಟ್ಟಿದ್ದೀಯ ಅಕ್ಕ. ಏಳನೆಯವರನ್ನ ಒಳಗೇ ಬಿಡಲ್ವಂತೆ. ನಾನೇನ್ ಮಾಡ್ಲಿ?”

“ಆಫೀಸಿಂದ ಯಾರೂ ಕೇಳಲಿಲ್ವಾ?”

“ಯಾರ್ ಕೇಳ್ತಾರೆ? ಅವರಿಗೇನು ಮಾಡೋಕೆ ಕೆಲಸ ಇಲ್ವಾ?”

“ಅತ್ತಿಗೆಗೆ ಏನು ಕಮ್ಮಿ?” ಎಂದಳು ಅವನ ಹೆಂಡತಿ. “ಪಾರ್ಕಲ್ಲಿ ಗಂಟೆಗೊಂದು ಅಲೆ. ನಮಗೆ ನಾಲ್ಕೇ ದಿನ ಸಮುದ್ರ, ಅವರಿಗೆ ವರ್ಷವೆಲ್ಲ!”

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಿಕ್ಕ ಹುಡುಗಿ ಮೂಗು ಮುಚ್ಚಿಕೊಂಡು, “ಅತ್ತೆ ಬಂದ್ರೆ ಕಾರೆಲ್ಲ ಕರಡಿ ವಾಸನೆ ಅಂತ ಅಮ್ಮ ಹೇಳಿದ್ಲು,” ಎಂದಿತು. ಯಾರೂ ಅದನ್ನು ಗದರಲಿಲ್ಲ.

ಕರಡಿಯಮ್ಮನೂ ನಕ್ಕಳು. ಕೂತು ಆರು ಜನರ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿದಳು. ಟವೆಲ್ಲು ಮೇಲೆ, ಚಪ್ಪಲಿ ಕೆಳಗೆ. ಪಾಸನ್ನು ಲಕೋಟೆಗೆ ಹಾಕಿ, ಅಂಟು ನೆಕ್ಕಿ ಮುಚ್ಚಿದಳು.

“ಮಕ್ಕಳ ಕೈಗೆ ಸಿಕ್ಕಿ ಹರಿದುಹೋದೀತು. ಅಲ್ಲಿಗೆ ಹೋಗಿಯೇ ಒಡೀರಿ.”

ಮರುದಿನ ಐದಕ್ಕೆ ಹದಿನೈದು ನಿಮಿಷವಿರುವಾಗ ಶೆಡ್ಡಿನಲ್ಲಿ ಅವಳ ಫೋನು ಬಡಿದುಕೊಂಡಿತು.

“ಅಕ್ಕಾ, ಸಹಿ ಹಾಕೋದನ್ನೇ ಮರೆತಿದ್ದೀಯಲ್ಲೇ! ಗೇಟಲ್ಲೇ ನಿಲ್ಸಿದಾರೆ. ಬೇರೆ ಎಲ್ಲೂ ರೂಮಿಲ್ಲ, ಮಾವಂಗೆ ಕಾಲು ಊದ್ಕೊಂಡಿದೆ. ಓಡಿಹೋಗಿ ಆಫೀಸಲ್ಲಿ ಒಂದು ಸಹಿ ಹಾಕು, ಅವರು ಇಲ್ಲಿಗೆ ಹೇಳ್ತಾರಂತೆ.”

ಆಫೀಸು ಶೆಡ್ಡಿನಿಂದ ನಲವತ್ತು ಹೆಜ್ಜೆ. ಅವನ ಮಾತಿನ ಹಿಂದೆ ಏನೋ ಮೊರೆಯುತ್ತಿತ್ತು.

“ಅದೇನೋ ಸದ್ದು?”

“ಸಮುದ್ರ ಕಣೇ. ಬೇಗ ಹೋಗೇ...”

“ಫೋನು ಆ ಕಡೆ ಹಿಡಿ.”

ಒಪ್ಪಿದಳೆಂದುಕೊಂಡು ಅವನು ಹಿಡಿದ. ಅವಳು ಸ್ಟೂಲಿನ ಮೇಲೆ ಕೂತು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು. ಒಂದು ಅಲೆ ಬಂದು ಒಡೆದು ಹಿಂದೆ ಸರಿಯಿತು, ಇನ್ನೊಂದು ಬಂತು. ನಡುವೆ ಚಿಕ್ಕ ಹುಡುಗಿ ಅಳುತ್ತಿತ್ತು.

“ಕೇಳಿಸ್ತಾ? ಈಗ ಹೋಗ್ತೀಯಾ ತಾನೆ?”

“ನನಗೆ ನೀರು ಕಂಡ್ರೆ ಆಗಲ್ವಂತಲ್ಲೋ,” ಎಂದಳು. “ಬರದೇ ಇರೋಳ ಸಹಿ ನಿನಗ್ಯಾಕೆ?”

“ಅಕ್ಕಾ, ಮಕ್ಕಳ ಮುಖ ನೋಡಿಯಾದ್ರೂ...”

ಅವಳು ಫೋನ್ ಕಟ್ ಮಾಡಲಿಲ್ಲ. ಮೇಜಿನ ಮೇಲೆ ಹಾಗೇ ಇಟ್ಟು, ಒಣಗಿಸುವ ಯಂತ್ರದ ಗುಂಡಿ ಒತ್ತಿದಳು. ಆ ಗದ್ದಲದಲ್ಲಿ ತಮ್ಮನ ಕೂಗು ಮುಳುಗಿತು, ಕಡಲೂ ಮುಳುಗಿತು.